ಕಸದ ಜೊತೆ ತಾನೂ ಹೋಗುವ ಪ್ರೋಟೀನ್

ಓದುಗರ ಪ್ರಶ್ನೆ – ತಜ್ಞರ ಉತ್ತರ

ಜೀವಕೋಶದೊಳಗಿನ ಕಸ ವಿಲೇವಾರಿಯ ಬಗ್ಗೆ ನಮಗೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಪ್ರೋಟೀನನ್ನು ಕುರಿತವು: ಪಿ62. ಕೆಲವರಿಗೆ ಅದು ಬಯಾಪ್ಸಿ ವರದಿಯಲ್ಲಿ ಕಂಡಿದೆ, ಕೆಲವರಿಗೆ ಜೀನ್ ಪರೀಕ್ಷೆಯಲ್ಲಿ, ಇನ್ನು ಕೆಲವರಿಗೆ ಲ್ಯಾಬಿನ ಜೆಲ್ ಮೇಲೆ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಆಟೋಫಜಿ ಎಂದರೆ ಕೋಶ ತನ್ನನ್ನು ತಾನೇ ತಿನ್ನುವುದು ಎಂದು ಓದಿದ್ದೇನೆ. ‘ಆಯ್ದು ತಿನ್ನುವ’ ಆಟೋಫಜಿ ಬೇರೆಯೇ? ಅದರಲ್ಲಿ ಪಿ62ನ ಕೆಲಸವೇನು?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಹಸಿದ ಕೋಶ ಕೈಗೆ ಸಿಕ್ಕಿದ್ದನ್ನೆಲ್ಲ ಒಂದು ಪೊರೆಚೀಲದಲ್ಲಿ ತುಂಬಿ, ಕೋಶದ ಜೀರ್ಣಾಂಗವಾದ ಲೈಸೊಸೋಮಿಗೆ ಕಳಿಸಿ ಜೀರ್ಣಿಸಿಕೊಳ್ಳುತ್ತದೆ. ಅಲ್ಲಿ ಆಯ್ಕೆಯ ಮಾತಿಲ್ಲ. ಆದರೆ ಹೊಟ್ಟೆ ತುಂಬಿದ ಕೋಶದಲ್ಲೂ ದಿನವೂ ಕಸ ಹುಟ್ಟುತ್ತದೆ: ಮಡಿಕೆ ತಪ್ಪಿ ಗಂಟುಕಟ್ಟಿದ ಪ್ರೋಟೀನುಗಳು, ಕೆಟ್ಟುಹೋದ ಮೈಟೊಕಾಂಡ್ರಿಯ, ಒಳನುಗ್ಗಿದ ಬ್ಯಾಕ್ಟೀರಿಯ. ಇವನ್ನಷ್ಟೇ ಆರಿಸಿ ಎತ್ತಬೇಕು. ಎತ್ತಬೇಕಾದ ಸರಕಿನ ಮೇಲೆ ಯುಬಿಕ್ವಿಟಿನ್ ಎಂಬ 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು ಚೀಟಿಯಂತೆ ಅಂಟಿಕೊಳ್ಳುತ್ತದೆ. ಈ ಚೀಟಿಯನ್ನು ಗುರುತಿಸಿ ಸರಕನ್ನು ಚೀಲದೊಳಗೆ ಎಳೆದುಕೊಡುವವೇ ಗ್ರಾಹಕ ಪ್ರೋಟೀನುಗಳು.

ಪಿ62 ಉದ್ದ 440 ಅಮೈನೊ ಆಮ್ಲ. ಅದರ ಬಾಲದಲ್ಲಿರುವ ಯುಬಿಎ ಭಾಗ ಯುಬಿಕ್ವಿಟಿನ್ ಹಿಡಿಯುತ್ತದೆ. ಅದಕ್ಕಿಂತ ಸ್ವಲ್ಪ ಹಿಂದೆ, 338ನೆಯ ಸ್ಥಾನದ ಟ್ರಿಪ್ಟೊಫ್ಯಾನ್ ಇರುವ ‘ಲಿರ್’ ಎಂಬ ಸಣ್ಣ ತುಣುಕು, ಬೆಳೆಯುತ್ತಿರುವ ಚೀಲದ ಪೊರೆಯ ಮೇಲಿರುವ ಎಲ್‌ಸಿ3 ಪ್ರೋಟೀನನ್ನು ಕಚ್ಚಿಕೊಳ್ಳುತ್ತದೆ. ಒಂದು ಕೈ ಕಸಕ್ಕೆ, ಇನ್ನೊಂದು ಕೈ ಚೀಲಕ್ಕೆ. ತಲೆಯ ಕಡೆಯ ಪಿಬಿ1 ಭಾಗ ಬೇರೆ ಪಿ62ಗಳನ್ನು ಹಿಡಿದು ಸರಪಳಿ ಕಟ್ಟುತ್ತದೆ. ಈ ಸರಪಳಿ ಅಲಂಕಾರಕ್ಕಲ್ಲ. ಒಂಟಿ ಯುಬಿಎಯ ಹಿಡಿತ ತೀರಾ ಸಡಿಲ. ನೂರಾರು ಪಿ62 ಸೇರಿದಾಗಲೇ ಕಸ ಗಟ್ಟಿಯಾಗಿ ಕೈಗೆ ಸಿಗುತ್ತದೆ. ಯುಬಿಕ್ವಿಟಿನ್ ಸರಪಳಿಗಳ ಜೊತೆ ಸೇರಿದ ಪಿ62, ಸಾರಿನ ಮೇಲೆ ತೇಲುವ ಎಣ್ಣೆಹನಿಯಂತೆ, ಕೋಶರಸದಲ್ಲಿ ಪ್ರತ್ಯೇಕ ಹನಿಯಾಗಿ ನಿಲ್ಲುತ್ತದೆ. ಚೀಲ ಆ ಹನಿಯ ಸುತ್ತ ಬೆಳೆಯುತ್ತದೆ. ಪಿ62 ನೇರವಾಗಿ ಎಲ್‌ಸಿ3ಗೆ ಅಂಟುತ್ತದೆಂದು 2007ರಲ್ಲಿ ತೋರಿಸಿದವರು ನಾರ್ವೆಯ ಟ್ರೊಮ್ಸೊ ನಗರದ ಟೆರ್ಯೆ ಯೋಹಾನ್ಸೆನ್ ಅವರ ತಂಡ.

ಮುಂದಿನ ಉತ್ತರಗಳಿಗೆಲ್ಲ ಬೇಕಾಗುವ ಸಂಗತಿ ಒಂದಿದೆ. ಚೀಲ ಲೈಸೊಸೋಮ್ ಸೇರಿದಾಗ ಕಸದ ಜೊತೆ ಪಿ62 ಕೂಡ ಜೀರ್ಣವಾಗುತ್ತದೆ. ಹಮಾಲಿ ವಾಪಸು ಬರುವುದಿಲ್ಲ. ಹಾಗಾಗಿ ವಿಲೇವಾರಿ ನಿಂತರೆ ಪಿ62 ರಾಶಿ ಬೀಳುತ್ತದೆ, ರೋಗಶಾಸ್ತ್ರಜ್ಞರು ಅದಕ್ಕೆ ಬಣ್ಣ ಹಾಕಿ ನೋಡುವುದೂ ಇದೇ ಕಾರಣಕ್ಕೆ. ಆದರೆ ರಾಶಿ ಬೀಳಲು ಬೇರೆ ಕಾರಣಗಳೂ ಇವೆ. ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲೇ.

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ಎಡಗಾಲಿನ ಮೊಳಕಾಲ ಕೆಳಗಿನ ಮೂಳೆ ಬಿಲ್ಲಿನಂತೆ ಬಾಗಿದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಎಎಲ್‌ಪಿ 612 ಬಂದಿದೆ (ರಕ್ತದಲ್ಲಿನ ಈ ಕಿಣ್ವದ ಮಿತಿ 130). ವೈದ್ಯರು ಮೂಳೆಯ ಪ್ಯಾಜೆಟ್ ಕಾಯಿಲೆ ಎಂದರು. ಇಂಟರ್ನೆಟ್ಟಿನಲ್ಲಿ ನೋಡಿದರೆ ಪಿ62 ಜೀನಿನ ದೋಷ ಎಂದಿದೆ. ನಾವು ಮೂವರು ಮಕ್ಕಳು, ಪರೀಕ್ಷೆ ಮಾಡಿಸಬೇಕೆ?
– ಓದುಗರು, ಮಂಗಳೂರು

ಮೊದಲು ರೋಗನಿರ್ಣಯ ಗಟ್ಟಿಯಾಗಲಿ. ಪ್ಯಾಜೆಟ್ ಕಾಯಿಲೆ ಬ್ರಿಟನ್ ಮೂಲದವರಲ್ಲಿ, ಅದರಲ್ಲೂ ಲ್ಯಾಂಕಷೈರ್ ಭಾಗದಲ್ಲಿ, ಹೆಚ್ಚು. ಭಾರತದಲ್ಲಿ ವಿರಳ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ನಮ್ಮಲ್ಲಿ ಎಎಲ್‌ಪಿ ಏರಿದರೆ ಮೊದಲು ನೋಡಬೇಕಾದ್ದು ಲಿವರ್ ಮತ್ತು ವಿಟಮಿನ್ ಡಿ. ಜಿಜಿಟಿ ಎಂಬ ಕಿಣ್ವ ಸಹಜವಾಗಿದ್ದರೆ ಏರಿಕೆ ಲಿವರಿನದಲ್ಲ, ಮೂಳೆಯದು ಎಂದು ತಿಳಿಯಬಹುದು. ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಶಿಯದಲ್ಲೂ ಎಎಲ್‌ಪಿ ಏರುತ್ತದೆ, ಮೂಳೆ ಬಾಗುತ್ತದೆ. ಈ ವಯಸ್ಸಿನ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ್ದರೂ ಎಕ್ಸ್‌ರೇ ಬೆಳ್ಳಗೆ ಕಾಣುತ್ತದೆ. ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿಸಿ ಅದು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪ್ಯಾಜೆಟ್‌ನಲ್ಲಿ ಮೂಳೆ ಬೆಳ್ಳಗಾಗುವುದಷ್ಟೇ ಅಲ್ಲ, ದಪ್ಪವೂ ಆಗುತ್ತದೆ, ಒಳಗಿನ ಗೆರೆಗಳು ಒರಟಾಗಿ ಕಾಣುತ್ತವೆ, ಹೊರ ಕವಚ ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಈ ಹಿಗ್ಗುವಿಕೆಯೇ ಒಳ್ಳೆಯ ಸುಳಿವು. ದೇಹದಲ್ಲಿ ಇನ್ನೆಲ್ಲಿ ಇದೆಯೆಂದು ನೋಡಲು ಟೆಕ್ನೀಶಿಯಂ ಬೋನ್ ಸ್ಕ್ಯಾನ್ ಒಮ್ಮೆ ಮಾಡಿಸಿದರೆ ಸಾಕು.

ಇನ್ನು ಪಿ62. ಲಂಡನ್ನಿನ ಸರ್ಜನ್ ಜೇಮ್ಸ್ ಪ್ಯಾಜೆಟ್ ಈ ಕಾಯಿಲೆಯನ್ನು ವಿವರಿಸಿದ್ದು 1877ರಲ್ಲಿ. ಜೀನ್ ಸಿಕ್ಕಿದ್ದು 125 ವರ್ಷದ ನಂತರ, 2002ರಲ್ಲಿ, ಕೆನಡದ ಕ್ವಿಬೆಕ್‌ನ ಫ್ರೆಂಚ್ ಮೂಲದ ಕುಟುಂಬಗಳಲ್ಲಿ. ಜೀನಿನ ಹೆಸರು ಎಸ್‌ಕ್ಯೂಎಸ್‌ಟಿಎಂ1, 5ನೆಯ ಕ್ರೋಮೊಸೋಮಿನ ಮೇಲಿದೆ. ಅತಿ ಸಾಮಾನ್ಯ ಮ್ಯುಟೇಶನ್ ಪಿ392ಎಲ್: 392ನೆಯ ಸ್ಥಾನದಲ್ಲಿ ಪ್ರೋಲಿನ್ ಇರಬೇಕಾದಲ್ಲಿ ಲ್ಯೂಸಿನ್. ಆ ಸ್ಥಾನ ಇರುವುದು ಯುಬಿಎ ಭಾಗದಲ್ಲಿ, ಅಂದರೆ ಚೀಟಿ ಹಿಡಿಯುವ ಕೈಯಲ್ಲಿ. ಪ್ಯಾಜೆಟ್‌ನ ಮ್ಯುಟೇಶನ್‌ಗಳು ಬಹುಪಾಲು ಈ ಭಾಗಕ್ಕೇ ಗುಂಪುಗೂಡಿವೆ.

ಕೈ ಸಡಿಲವಾದರೆ ಕಸ ಉಳಿಯಬೇಕು, ಮೂಳೆ ಏಕೆ ಕೆಡಬೇಕು? ಪಿ62ಗೆ ಇನ್ನೊಂದು ಉದ್ಯೋಗವಿದೆ. ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳಲ್ಲಿ ರ‍್ಯಾಂಕ್ ಎಂಬ ಗ್ರಾಹಿಯಿಂದ ಬಂದ ಆದೇಶವನ್ನು ಅದು ಟ್ರಾಫ್6 ಎಂಬ ಪ್ರೋಟೀನಿನ ಮೂಲಕ, ಜೀನುಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ವರೆಗೆ ದಾಟಿಸುತ್ತದೆ. ಆ ಆದೇಶಕ್ಕೆ ಬ್ರೇಕ್ ಹಾಕುವ ಸಿಲ್ಡ್ ಕಿಣ್ವವನ್ನು ಸ್ಥಳಕ್ಕೆ ಕರೆತರುವುದೂ ಇದೇ ಪಿ62. ಯುಬಿಎ ಕೆಟ್ಟರೆ ಬ್ರೇಕ್ ಹತ್ತಿರ ಬರುವುದಿಲ್ಲ, ಆದೇಶ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಹತ್ತಿಪ್ಪತ್ತು ನ್ಯೂಕ್ಲಿಯಸ್ ಮೀರದ ಆಸ್ಟಿಯೊಕ್ಲಾಸ್ಟ್ ಇಲ್ಲಿ ನೂರರವರೆಗೂ ನ್ಯೂಕ್ಲಿಯಸ್ ಇಟ್ಟುಕೊಂಡು ಮೂಳೆಯನ್ನು ಕೊರೆಯುತ್ತದೆ. ಮೂಳೆ ಕಟ್ಟುವ ಕೋಶಗಳು ಹಿಂದಿನಿಂದ ಅವಸರದಲ್ಲಿ ತೇಪೆ ಹಾಕುತ್ತವೆ. ದಪ್ಪಗಿದ್ದರೂ ಗಟ್ಟಿಯಿಲ್ಲದ ಮೂಳೆ ಹುಟ್ಟುವುದು ಹೀಗೆ. ಪ್ಯಾಜೆಟ್ ಮಟ್ಟಿಗೆ ಕಸ ಹೊರುವ ಕೆಲಸಕ್ಕಿಂತ ಈ ಸಂಕೇತದ ಕೆಲಸ ಕೆಟ್ಟಿದ್ದೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಚಿಕಿತ್ಸೆಗೆ ಜೀನ್ ಪರೀಕ್ಷೆ ಬೇಕಿಲ್ಲ. ಆ ಮೂಳೆಯಲ್ಲೇ ನೋವಿದ್ದರೆ ಝೋಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ, ಒಂದೇ ಬಾರಿ, ರಕ್ತನಾಳಕ್ಕೆ, 15 ನಿಮಿಷಕ್ಕಿಂತ ಕಡಿಮೆಯಿಲ್ಲದಂತೆ. ತಪ್ಪಾಗುವುದು ಸಾಮಾನ್ಯವಾಗಿ ಅದಕ್ಕೆ ಮೊದಲೇ. ವಿಟಮಿನ್ ಡಿ ಕೊರತೆ ಸರಿಪಡಿಸದೆ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ದಿಢೀರ್ ಇಳಿದು ತುಟಿ, ಬೆರಳು ಜುಮುಗುಡುತ್ತವೆ, ಸ್ನಾಯು ಸೆಟೆಯುತ್ತದೆ. ಹಾಗಾಗಿ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಲೇಬೇಕು. ಕ್ರಿಯಾಟಿನಿನ್ ಕ್ಲಿಯರೆನ್ಸ್ 35ಕ್ಕಿಂತ ಕೆಳಗಿದ್ದರೆ ಈ ಔಷಧಿ ಕೊಡುವಂತಿಲ್ಲ. ಕೊಟ್ಟ ಮೇಲೆ ಎರಡು ವಾರ ದಿನಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ (ಮೂರು ಸಲ 500ರಂತೆ) ಮತ್ತು 800 ಯೂನಿಟ್ ವಿಟಮಿನ್ ಡಿ. ಹಲ್ಲು ಕೀಳಿಸುವುದಿದ್ದರೆ ಇಂಜೆಕ್ಷನ್ನಿಗೆ ಮೊದಲೇ ಮುಗಿಸಿಕೊಳ್ಳಿ. ಮೊದಲ ಮೂರು ದಿನ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ, ಪ್ಯಾರಾಸಿಟಮಾಲ್ ಸಾಕಾಗುತ್ತದೆ. ಎಎಲ್‌ಪಿ ಇಳಿಯಲು ತಿಂಗಳುಗಳು ಬೇಕು. ಮೂರರಿಂದ ಆರು ತಿಂಗಳ ನಡುವೆ ಮತ್ತೆ ನೋಡಿ. ಬಾಗಿದ ಮೂಳೆ ಮಾತ್ರ ಔಷಧಿಯಿಂದ ನೆಟ್ಟಗಾಗುವುದಿಲ್ಲ.

ನೀವು ಮೂವರ ವಿಷಯ. ತಂದೆಯವರಲ್ಲಿ ಮ್ಯುಟೇಶನ್ ಇದ್ದರೆ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲದ ಪ್ಯಾಜೆಟ್‌ನಲ್ಲಿ ಹೆಚ್ಚಿನವರಿಗೆ ಈ ಮ್ಯುಟೇಶನ್ನೇ ಇರುವುದಿಲ್ಲ. ಮ್ಯುಟೇಶನ್ ಹೊತ್ತವರಿಗೆ ಮುಂಚಿತವಾಗಿ ಒಂದು ಡೋಸ್ ಝೋಲೆಡ್ರೋನಿಕ್ ಆಸಿಡ್ ಕೊಟ್ಟು ನೋಡಿದ ಪ್ರಯೋಗವೂ ಆಗಿದೆ. ಔಷಧಿ ಕೆಲಸ ಮಾಡಿತು, ಆದರೆ ಔಷಧಿ ಸಿಗದ ಗುಂಪಿನಲ್ಲೂ ಹೊಸದಾಗಿ ಮೂಳೆ ಕೆಟ್ಟವರು ಬೆರಳೆಣಿಕೆಯಷ್ಟೇ. ನಲವತ್ತು ದಾಟಿದ ಮೇಲೆ ಎರಡು–ಮೂರು ವರ್ಷಕ್ಕೊಮ್ಮೆ ಎಎಲ್‌ಪಿ ನೋಡಿಸಿಕೊಂಡರೆ ನಿಮಗೆ ಸಾಕು. ಕುಟುಂಬದಲ್ಲಿ ಪ್ಯಾಜೆಟ್ ಜೊತೆ ಸ್ನಾಯು ಸವೆತವೋ ಐವತ್ತರ ಹರೆಯದಲ್ಲೇ ಮರೆವೋ ಇದ್ದರೆ ಕತೆ ಬೇರೆ. ಅಂಥ ಕಡೆ ವಿಸಿಪಿ ಎಂಬ ಇನ್ನೊಂದು ಜೀನನ್ನು ಹುಡುಕಬೇಕು.

ಪ್ರಶ್ನೆ: ಲಿವರ್ ಬಯಾಪ್ಸಿ ವರದಿಯಲ್ಲಿ ‘ಮ್ಯಾಲೊರಿ-ಡೆಂಕ್ ಬಾಡಿ ಇವೆ, ಪಿ62 ಪಾಸಿಟಿವ್’ ಎಂದು ಬರೆದಿದ್ದಾರೆ. ನನಗೆ ಕುಡಿತದ ಅಭ್ಯಾಸವೇ ಇಲ್ಲ, ಸಕ್ಕರೆ ಕಾಯಿಲೆ ಇದೆ. ಪಾಸಿಟಿವ್ ಎಂದರೆ ಕ್ಯಾನ್ಸರೇ?
– ಓದುಗರು, ಹಾಸನ

ಅಲ್ಲ. ಇಲ್ಲಿ ಪಾಸಿಟಿವ್ ಎಂದರೆ ಆ ಬಣ್ಣ ಹತ್ತಿತು ಎಂದಷ್ಟೇ ಅರ್ಥ.

ಉಬ್ಬಿದ ಲಿವರ್ ಕೋಶದ ನಡುವೆ ಹುರಿ ಬಿಚ್ಚಿದ ಹಗ್ಗದಂತೆ ತಿರುಚಿಕೊಂಡ ಗುಲಾಬಿ ಮುದ್ದೆಗಳನ್ನು ಅಮೆರಿಕದ ಫ್ರಾಂಕ್ ಮ್ಯಾಲೊರಿ 1911ರಲ್ಲಿ, ಕುಡಿತದಿಂದ ಕೆಟ್ಟ ಲಿವರಿನಲ್ಲಿ ವಿವರಿಸಿದರು. ಒಳಗಿರುವುದು ಕೆರಟಿನ್ 8 ಮತ್ತು 18, ಯುಬಿಕ್ವಿಟಿನ್, ಪಿ62. ಕೋಶದ ಅಸ್ಥಿಪಂಜರದ ಕೆರಟಿನ್ ಮುರಿದು ಗಂಟಾಗಿದೆ, ಚೀಟಿ ಅಂಟಿದೆ, ಹಮಾಲಿ ಬಂದು ಹಿಡಿದಿದ್ದಾನೆ, ಗಾಡಿ ಬಂದಿಲ್ಲ. ಸಾಮಾನ್ಯ ಗುಲಾಬಿ-ನೀಲಿ ಬಣ್ಣದಲ್ಲಿ ಇವು ಕಣ್ತಪ್ಪುತ್ತವೆ, ಹಾಗಾಗಿ ಪಿ62 ಬಣ್ಣ ಹಾಕುತ್ತಾರೆ. ಮದ್ಯದ ಜೊತೆಗೆ ಇವು ಕೊಬ್ಬಿನ ಲಿವರ್ ಉರಿಯೂತದಲ್ಲೂ ಬರುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಅದೇ ಹೆಚ್ಚು, ನಿಮ್ಮದೂ ಬಹುಶಃ ಅದೇ. ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲೂ ಇವು ಸಿಗುತ್ತವೆ. ಹಿಂದಿನ ತಲೆಮಾರಿನ ಮಕ್ಕಳ ವೈದ್ಯರಿಗೆ ಚೆನ್ನಾಗಿ ನೆನಪಿರುವ ‘ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್’ನಲ್ಲಂತೂ ಇವು ಹೇರಳ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲನ್ನು ಕೂಸಿಗೆ ಕುಡಿಸುತ್ತಿದ್ದ ಕಾಲದ ಕಾಯಿಲೆ ಅದು. ಪಾತ್ರೆ ಸ್ಟೀಲಿಗೆ ಬದಲಾದ ಮೇಲೆ ಅಪರೂಪವಾಗಿದೆ.

ನಿಮ್ಮ ಹೆದರಿಕೆಗೆ ಒಂದು ಎಳೆ ಆಧಾರ ಇದೆ, ಮುಚ್ಚಿಡುವುದಿಲ್ಲ. ರಾಶಿಬಿದ್ದ ಪಿ62 ಸುಮ್ಮನೆ ಕೂರುವುದಿಲ್ಲ. ಅದರ 349ನೆಯ ಸೀರೀನ್‌ಗೆ ಫಾಸ್ಫೇಟ್ ಸೇರಿದಾಗ ಕೀಪ್1 ಎಂಬ ಪ್ರೋಟೀನನ್ನು ಸೆರೆಹಿಡಿಯುತ್ತದೆ. ಕೀಪ್1ರ ಕೆಲಸ ಎನ್‌ಆರ್‌ಎಫ್2 ಅನ್ನು ಅದುಮಿಡುವುದು. ಕಾವಲುಗಾರ ಸೆರೆಯಾದರೆ ಎನ್‌ಆರ್‌ಎಫ್2 ನ್ಯೂಕ್ಲಿಯಸ್ಸಿಗೆ ಹೋಗಿ ವಿಷಹಾರಿ ಜೀನುಗಳನ್ನು ನಿರಂತರ ಚಾಲೂ ಇಡುತ್ತದೆ. ಆ ಪಟ್ಟಿಯಲ್ಲಿ ಪಿ62ನ ಜೀನೂ ಇದೆ, ಹಾಗಾಗಿ ಚಕ್ರ ತಾನಾಗಿಯೇ ತಿರುಗುತ್ತದೆ. ಸ್ವಲ್ಪ ಕಾಲಕ್ಕೆ ಇದು ಕೋಶದ ರಕ್ಷಣೆ. ವರ್ಷಗಟ್ಟಲೆ ಹೀಗೇ ಇದ್ದರೆ, ಸಾಯಬೇಕಿದ್ದ ಕೆಟ್ಟ ಕೋಶವೂ ಬದುಕಿ ಉಳಿಯುತ್ತದೆ. ಇಲಿಯ ಲಿವರಿನಲ್ಲಿ ಪಿ62 ಅತಿಯಾಗಿ ತಯಾರಾಗುವಂತೆ ಮಾಡಿದರೆ ಅಷ್ಟರಿಂದಲೇ ಲಿವರ್ ಕ್ಯಾನ್ಸರ್ ಬರುತ್ತದೆಂದು 2016ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಇನ್ನೊಂದು ಪ್ರಯೋಗ, 2007ರ ಜಪಾನಿನದು, ಇದಕ್ಕೆ ಕನ್ನಡಿ: ಆಟೋಫಜಿಗೆ ಬೇಕಾದ ಎಟಿಜಿ7 ಜೀನನ್ನು ಇಲಿಯಿಂದ ತೆಗೆದಾಗ ಲಿವರ್ ಊದಿ ಕೆಟ್ಟಿತು, ಜೊತೆಗೆ ಪಿ62 ಅನ್ನೂ ತೆಗೆದಾಗ ಕಸದ ಮುದ್ದೆಗಳೇ ಕಾಣೆಯಾಗಿ ಲಿವರಿನ ಹಾನಿ ಬಹಳ ಕಡಿಮೆಯಾಯಿತು. ಮಿದುಳಿನ ಹಾನಿ ಮಾತ್ರ ಕಡಿಮೆಯಾಗಲಿಲ್ಲ.

ನೀವು ಮಾಡಬೇಕಾದ್ದು: ವರದಿಯಲ್ಲಿ ಫೈಬ್ರೋಸಿಸ್ (ಲಿವರಿನಲ್ಲಿ ಗಾಯದ ನಾರು ಬೆಳೆಯುವುದು) ಹಂತ ಎಷ್ಟೆಂದು ಕೇಳಿ. 0ಯಿಂದ 4ರವರೆಗಿನ ಆ ಸಂಖ್ಯೆ ನಿಮ್ಮ ಮುಂದಿನ ದಾರಿಯನ್ನು ಪಿ62 ಬಣ್ಣಕ್ಕಿಂತ ಬಹಳ ಚೆನ್ನಾಗಿ ಹೇಳುತ್ತದೆ. 4 ಆಗಿದ್ದರೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ. ತೂಕ ಹೆಚ್ಚಿದ್ದರೆ ಶೇ 7ರಿಂದ 10ರಷ್ಟು ಇಳಿಸಿದರೆ ಉರಿಯೂತ ತಗ್ಗುತ್ತದೆ.

ಪ್ರಶ್ನೆ: ಅಮ್ಮನಿಗೆ ಎಎಲ್‌ಎಸ್ (ಸ್ನಾಯು ನಡೆಸುವ ನರಕೋಶಗಳು ಸಾಯುವ ಕಾಯಿಲೆ) ಎಂದು ನಿರ್ಣಯವಾಗಿದೆ. ಜೀನ್ ಪರೀಕ್ಷೆಯಲ್ಲಿ ‘ಎಸ್‌ಕ್ಯೂಎಸ್‌ಟಿಎಂ1 – ವಿಯುಎಸ್’ ಎಂದು ಬಂತು. ಇದೇ ಕಾರಣವೇ?
– ಓದುಗರು, ಬೆಂಗಳೂರು

ವಿಯುಎಸ್ ಎಂದರೆ ಅರ್ಥ ಗೊತ್ತಿಲ್ಲದ ಬದಲಾವಣೆ. ಐದು ದರ್ಜೆಗಳಲ್ಲಿ ನಡುವಿನದು, ದೋಷಿಯೂ ಅಲ್ಲ, ನಿರ್ದೋಷಿಯೂ ಅಲ್ಲ. ಅದನ್ನು ಹಿಡಿದು ಮಕ್ಕಳಿಗೆ ಪರೀಕ್ಷೆ ಮಾಡಿಸುವುದು, ಮದುವೆ ಮಾತುಕತೆಯಲ್ಲಿ ಪ್ರಸ್ತಾಪಿಸುವುದು ಎರಡೂ ತಪ್ಪು.

ಈ ಜೀನಿನ ಬದಲಾವಣೆಗಳು ಎಎಲ್‌ಎಸ್ ರೋಗಿಗಳಲ್ಲಿ ಇವೆಯೆಂದು 2011ರಲ್ಲಿ ವರದಿಯಾಯಿತು. ಆದರೆ ಪ್ಯಾಜೆಟ್‌ನ ಪಿ392ಎಲ್ ಕೂಡ ಕೆಲವು ಎಎಲ್‌ಎಸ್ ರೋಗಿಗಳಲ್ಲಿ ಸಿಗುತ್ತದೆ, ಯಾವ ಕಾಯಿಲೆಯೂ ಇಲ್ಲದವರಲ್ಲೂ ಸಿಗುತ್ತದೆ. ಒಂಟಿಯಾಗಿ ಎಎಲ್‌ಎಸ್ ತರುವ ಶಕ್ತಿ ಅದಕ್ಕಿದೆ ಎನ್ನುವುದು ಕಷ್ಟ.

ನೀವು ಕೇಳಬೇಕಾದ ಪ್ರಶ್ನೆ ಬೇರೆ: ಸಿ9ಆರ್ಫ್72 ಎಂಬ ಜೀನಿನ ಪರೀಕ್ಷೆ ಆಗಿದೆಯೇ? ಅದರ ದೋಷ, ಆರು ಅಕ್ಷರದ ತುಣುಕು ನೂರಾರು ಸಲ ಪುನರಾವರ್ತನೆಯಾಗುವುದು, ಸಾಮಾನ್ಯ ಎಕ್ಸೋಮ್ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕೆ ರಿಪೀಟ್ ಪ್ರೈಮ್ಡ್ ಪಿಸಿಆರ್ ಎಂದು ಪ್ರತ್ಯೇಕವಾಗಿ ಬರೆಸಬೇಕು. ‘ಪ್ಯಾನೆಲ್ ನೆಗೆಟಿವ್’ ಎಂಬ ಒಂದು ಸಾಲನ್ನು ನಂಬಿ ಕೂತವರಲ್ಲಿ ಹೀಗೆ ತಪ್ಪುವುದುಂಟು. ಎಸ್‌ಒಡಿ1 ಎಂಬ ಜೀನಿನ ಫಲಿತಾಂಶವನ್ನೂ ನೋಡಿ, ಆ ಮ್ಯುಟೇಶನ್ ಇರುವವರಿಗೆಂದೇ ಟೊಫರ್ಸೆನ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಜೀನ್ ಸರಿಯಿದ್ದರೂ ಎಎಲ್‌ಎಸ್‌ನಲ್ಲಿ ಪಿ62 ಇರುತ್ತದೆ, ಬೇರೆ ರೂಪದಲ್ಲಿ. ಕೆಟ್ಟ ನರಕೋಶಗಳಲ್ಲಿರುವ ಟಿಡಿಪಿ-43 ಎಂಬ ಪ್ರೋಟೀನಿನ ಮುದ್ದೆಗಳಿಗೆ ಅದು ಅಂಟಿರುತ್ತದೆ. ಸಿ9ಆರ್ಫ್72 ರೋಗಿಗಳ ಕಿರುಮಿದುಳಿನಲ್ಲಿ (ಸೆರೆಬೆಲ್ಲಂ) ಟಿಡಿಪಿ-43 ಇಲ್ಲದೆ ಪಿ62 ಮಾತ್ರ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಸ್ಲೈಡ್ ನೋಡಿದ ರೋಗಶಾಸ್ತ್ರಜ್ಞರು ಜೀನ್ ಪರೀಕ್ಷೆಗೂ ಮುಂಚೆ ಊಹಿಸಬಲ್ಲರು. ಅಲ್ಲಿ ಪಿ62 ಸಾಕ್ಷಿ, ಆರೋಪಿಯಲ್ಲ.

ಪಿ62 ಪೂರ್ತಿ ಇಲ್ಲದಿದ್ದರೆ? ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮಕ್ಕಳಿದ್ದಾರೆ, 2016ರಲ್ಲಿ ಈ ಕಾಯಿಲೆ ವರದಿಯಾಯಿತು. ಬಾಲ್ಯದಲ್ಲೇ ನಡಿಗೆ ತೂರಾಡುತ್ತದೆ, ಕೈಕಾಲು ತಿರುಚಿಕೊಳ್ಳುತ್ತವೆ, ಕಣ್ಣನ್ನು ಮೇಲೆ ಕೆಳಗೆ ಹೊರಳಿಸಲಾಗುವುದಿಲ್ಲ. ಲಿವರಿಗೆ ಹೆಚ್ಚಾದರೆ ಕಷ್ಟ, ಮಿದುಳಿಗೆ ಇಲ್ಲದಿದ್ದರೆ ಕಷ್ಟ. ‘ಪಿ62 ಇಳಿಸುವ ಮಾತ್ರೆ’ ಎಂಬ ಕನಸನ್ನು ಹಗುರವಾಗಿ ತೆಗೆದುಕೊಳ್ಳಲಾಗದ್ದು ಇದಕ್ಕೇ.

ಪ್ರಶ್ನೆ: ಸ್ನಾಯು ಬಯಾಪ್ಸಿಯಲ್ಲಿ ಪಿ62 ನೋಡುವುದೇಕೆ?
– ವೈದ್ಯಕೀಯ ವಿದ್ಯಾರ್ಥಿ, ಹುಬ್ಬಳ್ಳಿ

ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್ ಎಂಬ ಸ್ನಾಯು ಕಾಯಿಲೆಯನ್ನು ಹಿಡಿಯಲು. 45 ದಾಟಿದ ರೋಗಿ, ಬೆರಳು ಮಡಚಲು ಬಲವಿಲ್ಲ, ತೊಡೆಯ ಮುಂಭಾಗ ಸವೆದಿದೆ, ಸ್ಟಿರಾಯ್ಡ್ ಕೊಟ್ಟರೂ ಗುಣವಿಲ್ಲ. ಇಂಥವರನ್ನು ಪಾಲಿಮಯೋಸೈಟಿಸ್ ಎಂದು ವರ್ಷಗಟ್ಟಲೆ ಸ್ಟಿರಾಯ್ಡಿನಲ್ಲಿ ಇಡುವುದು ಸಾಮಾನ್ಯ ತಪ್ಪು. ನಾರಿನೊಳಗೆ ಪಿ62 ಮುದ್ದೆಗಳು ಕಂಡರೆ ಅನುಮಾನ ಬಲವಾಗುತ್ತದೆ. ಕಾಣದಿದ್ದರೂ ರೋಗಿಯ ಲಕ್ಷಣ ಪಕ್ಕಾ ಇದ್ದರೆ ಅದೇ ನಿರ್ಣಯ ಉಳಿಯುತ್ತದೆ.

ಪ್ರಶ್ನೆ: ಪಿ62 ಒಂದೇ ಗ್ರಾಹಕವೇ? ಕ್ಷಯದಲ್ಲಿ ಇದರ ಪಾತ್ರವಿದೆಯೇ?
– ಪಿಯು ಉಪನ್ಯಾಸಕರು, ಚಿತ್ರದುರ್ಗ

ಯುಬಿಕ್ವಿಟಿನ್ ನೋಡಿ ಹಿಡಿಯುವವು ಮುಖ್ಯವಾಗಿ ಐದು: ಪಿ62, ಎನ್‌ಬಿಆರ್1, ಎನ್‌ಡಿಪಿ52, ಆಪ್ಟಿನ್ಯೂರಿನ್, ಟ್ಯಾಕ್ಸ್1ಬಿಪಿ1. ಆಪ್ಟಿನ್ಯೂರಿನ್ ಕತೆ ಸ್ವಾರಸ್ಯದ್ದು. 2002ರಲ್ಲಿ ಅದರ ಮ್ಯುಟೇಶನ್ ಗ್ಲಾಕೋಮದಲ್ಲಿ ಸಿಕ್ಕಿತು, ಕಣ್ಣಿನ ಒತ್ತಡ ಸಹಜವಿದ್ದೂ ನರ ಸಾಯುವ ಬಗೆಯಲ್ಲಿ. 2010ರಲ್ಲಿ ಜಪಾನಿನವರಿಗೆ ಅದೇ ಜೀನಿನ ಬೇರೆ ಮ್ಯುಟೇಶನ್‌ಗಳು ಎಎಲ್‌ಎಸ್‌ನಲ್ಲಿ ಸಿಕ್ಕವು. ಇದನ್ನೂ ಪಿ62 ಅನ್ನೂ ಫಾಸ್ಫೇಟ್ ಸೇರಿಸಿ ಚುರುಕುಗೊಳಿಸುವುದು ಟಿಬಿಕೆ1 ಎಂಬ ಒಂದೇ ಕಿಣ್ವ, ಅದರ ದೋಷವೂ ಎಎಲ್‌ಎಸ್ ತರುತ್ತದೆ. ಕೆಟ್ಟ ಮೈಟೊಕಾಂಡ್ರಿಯ ಎತ್ತುವುದು ಮುಖ್ಯವಾಗಿ ಎನ್‌ಡಿಪಿ52 ಮತ್ತು ಆಪ್ಟಿನ್ಯೂರಿನ್. ಪಿ62 ಅಲ್ಲಿ ಅವನ್ನು ಒಟ್ಟುಗೂಡಿಸುತ್ತದೆ ಅಷ್ಟೆ.

ಕ್ಷಯದ ಬ್ಯಾಕ್ಟೀರಿಯ ತನ್ನ ಗೂಡಿನ ಪೊರೆ ತೂತುಮಾಡಿದಾಗ ಅದಕ್ಕೂ ಯುಬಿಕ್ವಿಟಿನ್ ಚೀಟಿ ಅಂಟುತ್ತದೆ, ಪಿ62 ಮತ್ತು ಎನ್‌ಡಿಪಿ52 ಹಿಡಿಯುತ್ತವೆ. ಪಾಠದಲ್ಲಿ ಸೇರಿಸಲು ಹತ್ತಿರದ ಉದಾಹರಣೆ ಬೇಕಿದ್ದರೆ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ಪ್ರಯೋಗಾಲಯ ಯೀಸ್ಟ್‌ನಿಂದ ಹಿಡಿದು ಇಲಿಯವರೆಗೆ ಆಟೋಫಜಿಯ ಮೇಲೇ ಕೆಲಸ ಮಾಡುತ್ತಿದೆ.

ಪ್ರಶ್ನೆ: ಗಿಡಮೂಲಿಕೆಯ ಸಾರವೊಂದನ್ನು ಕೋಶಗಳಿಗೆ ಕೊಟ್ಟು 24 ಗಂಟೆ ಬಿಟ್ಟು ವೆಸ್ಟರ್ನ್ ಬ್ಲಾಟ್ (ಜೆಲ್ ಮೇಲೆ ಪ್ರೋಟೀನ್ ಪ್ರಮಾಣ ನೋಡುವ ಪರೀಕ್ಷೆ) ಮಾಡಿದೆ. ಪಿ62 ಏರಿದೆ. ಸಾರ ಆಟೋಫಜಿ ತಡೆಯುತ್ತದೆ ಎಂದು ಬರೆಯಬಹುದೇ? ಗೈಡ್ ಹೌದು ಎನ್ನುತ್ತಾರೆ.
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಇಷ್ಟರಿಂದ ಬರೆಯಲಾಗದು. ಹೊರಹೋಗುವುದು ನಿಂತರೂ ಏರುತ್ತದೆ, ಒಳಗೆ ತಯಾರಿ ಹೆಚ್ಚಿದರೂ ಏರುತ್ತದೆ. ಗಿಡಮೂಲಿಕೆಯ ಸಾರಗಳಲ್ಲಿ ಎರಡನೆಯದೇ ಸಾಮಾನ್ಯ. ಅರಿಸಿನದ ಕರ್ಕ್ಯುಮಿನ್, ಬ್ರೊಕೊಲಿಯ ಸಲ್ಫೊರಫೇನ್ ಮುಂತಾದವು ಎನ್‌ಆರ್‌ಎಫ್2 ಎಬ್ಬಿಸುತ್ತವೆ, ಎನ್‌ಆರ್‌ಎಫ್2 ಪಿ62 ಜೀನನ್ನು ಓದಿಸುತ್ತದೆ. ಆಟೋಫಜಿ ಸರಾಗವಾಗಿದ್ದರೂ ಬ್ಯಾಂಡ್ ದಪ್ಪವಾಗುತ್ತದೆ.

ಕೋಶ ಬೆಳೆಸುವ ತಟ್ಟೆಯಲ್ಲಿ ನಾಲ್ಕು ಬಾವಿ (ಗುಳಿ) ಇಡಿ: ಏನೂ ಇಲ್ಲದ್ದು, ಸಾರ ಮಾತ್ರ, ಲೈಸೊಸೋಮಿನಲ್ಲಿ ಜೀರ್ಣವಾಗುವುದನ್ನು ತಡೆಯುವ ಬಾಫಿಲೊಮೈಸಿನ್ ಎ1 ಮಾತ್ರ, ಎರಡೂ. ಬಾಫಿಲೊಮೈಸಿನ್ 100 ನ್ಯಾನೊಮೋಲಾರ್, ಕೊನೆಯ 2ರಿಂದ 4 ಗಂಟೆ ಮಾತ್ರ. ರಾತ್ರಿಯಿಡೀ ಬಿಟ್ಟರೆ ಕೋಶಗಳೇ ಸಾಯತೊಡಗುತ್ತವೆ. ಅದು ದುಬಾರಿಯಾದರೆ ಕ್ಲೋರೊಕ್ವಿನ್ 50 ಮೈಕ್ರೊಮೋಲಾರ್ ಸಾಗುತ್ತದೆ. ಈಗ ಎಲ್‌ಸಿ3-2, ಅಂದರೆ ಚೀಲದ ಪೊರೆಗೆ ಅಂಟಿದ ಎಲ್‌ಸಿ3 ನೋಡಿ. ಎರಡೂ ಇರುವ ಬಾವಿ ಬಾಫಿಲೊಮೈಸಿನ್ ಒಂದೇ ಇರುವುದಕ್ಕಿಂತ ಹೆಚ್ಚಿದ್ದರೆ ಸಾರವು ಹೊಸ ಚೀಲ ಕಟ್ಟಿಸುತ್ತಿದೆ, ತಡೆಯುತ್ತಿಲ್ಲ. ಸಾರ ಒಂದೇ ಕೊಟ್ಟಾಗ ಏರಿಕೆ ಇದ್ದು, ಬಾಫಿಲೊಮೈಸಿನ್ ಮೇಲೆ ಮತ್ತೇನೂ ಸೇರದಿದ್ದರೆ ಕೊನೆಯ ಹಂತ ತಡೆಯಲ್ಪಟ್ಟಿರಬಹುದು. ಜೊತೆಗೆ ಕ್ಯೂಪಿಸಿಆರ್‌ನಲ್ಲಿ ಪಿ62 ಎಂಆರ್‌ಎನ್‌ಎ ಅಳೆಯಿರಿ. ಎಂಆರ್‌ಎನ್‌ಎ ಮೂರು ಪಟ್ಟು ಏರಿದ್ದರೆ ಪ್ರೋಟೀನ್ ಏರಿಕೆಗೆ ತಡೆಯ ವಿವರಣೆ ಬೇಕಿಲ್ಲ. ಎಟಿಜಿ5 ಅಥವಾ ಎಟಿಜಿ7 ಇಲ್ಲದ ಕೋಶ ಸಿಕ್ಕರೆ ಇನ್ನೂ ಒಳ್ಳೆಯದು: ಅಲ್ಲೂ ಸಾರ ಪಿ62 ಏರಿಸಿದರೆ ಆ ಏರಿಕೆಗೆ ಆಟೋಫಜಿಯ ಸಂಬಂಧವಿಲ್ಲ.

ಕೋಶ ಒಡೆಯುವ ವಿಧಾನವನ್ನೂ ನೋಡಿಕೊಳ್ಳಿ, ಬಹಳ ಜನ ಎಡವುವುದು ಇಲ್ಲೇ. ಶೇ 1 ಟ್ರೈಟಾನ್‌ನಲ್ಲಿ ಒಡೆದು ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಮಾತ್ರ ಓಡಿಸಿದರೆ, ಮುದ್ದೆಯಾದ ಪಿ62 ತಳದ ಗುಳಿಗೆಯಲ್ಲಿ ಉಳಿದು ಕಸದ ಬುಟ್ಟಿ ಸೇರುತ್ತದೆ. ನಿಜವಾಗಿ ರಾಶಿಬಿದ್ದ ಮಾದರಿಯೇ ‘ಪಿ62 ಇಳಿದಿದೆ’ ಎಂದು ಸುಳ್ಳು ಹೇಳುತ್ತದೆ. ಬಾವಿಯಲ್ಲೇ ಬಿಸಿ ಶೇ 2 ಎಸ್‌ಡಿಎಸ್ ಹಾಕಿ ಕೆರೆದು, 95 ಡಿಗ್ರಿಯಲ್ಲಿ 5 ನಿಮಿಷ ಇಡಿ. ಡಿಎನ್‌ಎಯಿಂದ ಲೋಳೆಯಾಗುತ್ತದೆ, ಸೋನಿಕೇಟ್ ಮಾಡಿ. ಪ್ರೋಟೀನ್ ಅಳೆಯಲು ಬ್ರ್ಯಾಡ್‌ಫೋರ್ಡ್ ಬೇಡ, ಎಸ್‌ಡಿಎಸ್ ಅದನ್ನು ಕೆಡಿಸುತ್ತದೆ, ಬಿಸಿಎ ಬಳಸಿ. ಎಲ್‌ಸಿ3-2 ಚಿಕ್ಕದು, 14–16 ಕಿಲೋಡಾಲ್ಟನ್ ಬಳಿ ಓಡುತ್ತದೆ. 15% ಜೆಲ್, 0.2 ಮೈಕ್ರಾನ್ ಪಿವಿಡಿಎಫ್ ಇರಲಿ; 0.45ರಲ್ಲಿ ಅದು ತೂರಿಹೋಗುತ್ತದೆ. ಎಲ್‌ಸಿ3-2 ಅನ್ನು ಆಕ್ಟಿನ್‌ಗೆ ಹೋಲಿಸಿ, ಎಲ್‌ಸಿ3-1ಕ್ಕೆ ಅಲ್ಲ.

ಮತ್ತೊಂದು: ಬಾವಿ ಕಿಕ್ಕಿರಿದು ಮೀಡಿಯಂ ಹಳದಿಗೆ ತಿರುಗಿದ್ದರೆ ಕೋಶಗಳು ಆಗಲೇ ಹಸಿದಿವೆ. ನಿಮ್ಮ ‘ಕಂಟ್ರೋಲ್’ ಕಂಟ್ರೋಲ್ ಅಲ್ಲ. ಹಸಿವಿನ ಪಾಸಿಟಿವ್ ಕಂಟ್ರೋಲ್‌ಗೆ ಇಬಿಎಸ್‌ಎಸ್ ಎಂಬ, ಅಮೈನೊ ಆಮ್ಲಗಳಿಲ್ಲದ ಉಪ್ಪು ದ್ರಾವಣದಲ್ಲಿ 2 ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ಇಳಿದ ಪಿ62 ಮತ್ತೆ ತಯಾರಾಗಿ ಮೊದಲಿನ ಮಟ್ಟಕ್ಕೆ ಬಂದುಬಿಡಬಹುದು. ಈ ನಾಲ್ಕು ಬಾವಿಯ ಬ್ಲಾಟ್ ಗೈಡ್ ಮುಂದಿಡಿ, ವಾದ ಬೇಕಾಗುವುದಿಲ್ಲ.

ಪ್ರಶ್ನೆ: ಏಕಾದಶಿ ಉಪವಾಸದಿಂದ ಆಟೋಫಜಿ ಶುರುವಾಗಿ ಪಿ62 ಕಸ ತೆಗೆಯುತ್ತದೆ, 16 ಗಂಟೆ ಕಾಯಬೇಕು ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ?
– ಗೃಹಿಣಿ, ಉಡುಪಿ

ಆಟೋಫಜಿಯ ಜೀನುಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. 16ನೆಯ ಗಂಟೆಗೆ ಮನುಷ್ಯರಲ್ಲಿ ಸ್ವಿಚ್ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇಲಿಯನ್ನು 24 ಗಂಟೆ ಉಪವಾಸವಿಟ್ಟರೆ ಅದರ ತೂಕದ ಹತ್ತನೆಯ ಒಂದು ಭಾಗವೇ ಹೋಗುತ್ತದೆ, ನಮ್ಮ ಒಂದು ದಿನದ ಉಪವಾಸ ಅದಕ್ಕೆ ಸಮವಲ್ಲ. ಇನ್ನು ಫಲಾಹಾರವೆಂದು ಸಬ್ಬಕ್ಕಿ ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣಿನ ರಸಾಯನ ಆದರೆ ಇನ್ಸುಲಿನ್ ಏರಿ, ಆಟೋಫಜಿ ತಡೆಯುವ ಎಂಟಾರ್ ಎಚ್ಚರವಾಗುತ್ತದೆ. ರಕ್ತದಲ್ಲಿ ಪಿ62 ಅಳೆದು ನಿಮ್ಮ ಆಟೋಫಜಿ ಹೇಳುವ ಪರೀಕ್ಷೆ ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ದೇವರಿಗೆಂದು ಉಪವಾಸ ಮಾಡುವುದಾದರೆ ಮಾಡಿ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಡೋಸನ್ನು ವೈದ್ಯರಲ್ಲಿ ಕೇಳಿಯೇ ಮಾಡಿ.

ಪ್ರಶ್ನೆ: 440 ಅಮೈನೊ ಆಮ್ಲದ ಲೆಕ್ಕ ಹಾಕಿದರೆ ತೂಕ 62 ಬರುವುದಿಲ್ಲವಲ್ಲ?
– ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಲೆಕ್ಕ ಸರಿ, ಸುಮಾರು 47 ಕಿಲೋಡಾಲ್ಟನ್. 1996ರಲ್ಲಿ ಎಲ್‌ಸಿಕೆ ಎಂಬ ಕಿಣ್ವಕ್ಕೆ ಅಂಟುವ ಪ್ರೋಟೀನೆಂದು ಇದನ್ನು ಗುರುತಿಸಿದವರಿಗೆ ಜೆಲ್ ಮೇಲೆ ಅದು ನಿಧಾನವಾಗಿ ಓಡಿ 62ರ ಬಳಿ ಕಂಡಿತು, ಹೆಸರು ಅಲ್ಲಿಂದ ಬಂತು. ಆಟೋಫಜಿಯ ಸಂಬಂಧ ತಿಳಿದದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಮೊದಲ ಬಾರಿ ಬ್ಲಾಟ್ ಮಾಡುವವರು 47ರ ಬಳಿ ಬ್ಯಾಂಡ್ ಹುಡುಕಿ, ಸಿಗದೆ ಆಂಟಿಬಾಡಿ ಕೆಟ್ಟಿದೆಯೆಂದು ದೂರುವುದುಂಟು. ಸ್ವಲ್ಪ ಮೇಲೆ ನೋಡಿ.